ಬೆನ್ನು ತಿರುಗಿಸಿ ಕೂತ ಕೃಷ್ಣ

ನಾನು ಬರೆದ ಕೃಷ್ಣ ಯಾರ ಕಡೆಗೂ ಮುಖ ಮಾಡುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ, ಬೆನ್ನು ತೋರಿಸಿ, ಕೆಳತುಟಿ ಮುಂದೆ ಚಾಚಿ ಕೂತಿರುತ್ತಿದ್ದ. ಭುಜದ ಮೇಲಿಂದ ಒಂದು ಕಣ್ಣು ಮಾತ್ರ ಹಿಂದಕ್ಕೆ ಹೊರಳಿರುತ್ತಿತ್ತು, ರಮಿಸಲು ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಎಂದು ನೋಡುವ ಹಾಗೆ. ಎಂಬತ್ತರ ದಶಕದಲ್ಲಿ ಕೆಲವು ವರ್ಷ ಕಲಘಟಗಿಗೆ ತೊಟ್ಟಿಲು ಕೊಳ್ಳಲು ಬಂದವರು ನಮ್ಮ ಮನೆ ಹುಡುಕಿಕೊಂಡು ಬಂದು ಆ ಸಿಟ್ಟಿಗೆದ್ದ ಕೃಷ್ಣನ ತೊಟ್ಟಿಲು ಇದೆಯೇ ಎಂದು ಕೇಳುತ್ತಿದ್ದರು. ಬರೆದವರು ನಮ್ಮ ಮಾವ ಎಂದೇ ಎಲ್ಲರ ತಿಳುವಳಿಕೆ. ಹಾಗೆಂದು ನಾವೇ ಹೇಳಿದ್ದೆವು.

ನನ್ನ ತವರು ನವಲಗುಂದದ ಕಡೆಯ ಎರೆ ನೆಲದ ಹಳ್ಳಿ. ಹತ್ತಿ ಬಿಡಿಸುತ್ತ, ಕಳೆ ಕೀಳುತ್ತ ಬೆಳೆದವಳು ನಾನು. ಬಣ್ಣ ಎಂದರೆ ಸಂಕ್ರಾಂತಿಗೆ ಅಂಗಳದಲ್ಲಿ ಹಾಕುವ ರಂಗೋಲಿಯದು, ಅಷ್ಟೇ ಗೊತ್ತು. ಕೊಟ್ಟದ್ದು ತೊಟ್ಟಿಲು ಮಾಡುವ ಮನೆಗೆ. ಅಲ್ಲಿ ಮರ ಕೊಯ್ಯುವುದು, ಕಾಲು ಕಡೆಯುವುದು, ಜೋಡಿಸುವುದು ಗಂಡನ ಕೆಲಸ. ಹಲಗೆಗಳ ಮೇಲೆ ಚಿತ್ರ ಬರೆಯುವುದು ಮಾವನದು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಹೆಂಗಸರ ಪಾಲಿನ ಕೆಲಸವೆಲ್ಲ ನನಗೇ ಬಂತು. ಹುಣಸೆ ಬೀಜ ಕುದಿಸಿ ಅಂಟು ತೆಗೆಯುವುದು, ಹಲಗೆಗೆ ಬಿಳಿ ಮಣ್ಣಿನ ಲೇಪ ಕೊಡುವುದು, ಅದು ಒಣಗಿದ ಮೇಲೆ ಉಜ್ಜಿ ನುಣುಪು ಮಾಡುವುದು, ಅರಗಿನ ಬಣ್ಣ ಅರೆಯುವುದು. ಅರೆದು ಅರೆದು ರಟ್ಟೆ ಬಿದ್ದುಹೋಗುತ್ತಿತ್ತು. ನಾನೋ ಸುಮ್ಮನೆ ಅರೆಯುವವಳಲ್ಲ. ಮಾವನ ಚಿತ್ರ ನೋಡಿ, ನಿಮ್ಮ ಯಶೋದೆಗೂ ಪೂತನಿಗೂ ಮೂಗುತಿ ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲವಲ್ಲ ಎಂದುಬಿಡುತ್ತಿದ್ದೆ. ಬೇರೆ ಮಾವನಾಗಿದ್ದರೆ ಸೊಸೆಯ ಬಾಯಿಗೆ ಬೀಗ ಹಾಕುತ್ತಿದ್ದರು. ಅವರು ನಗುತ್ತಿದ್ದರು.

ಮದುವೆಯಾಗಿ ವರ್ಷಗಳು ಕಳೆದರೂ ನನಗೆ ಮಕ್ಕಳಾಗಲಿಲ್ಲ. ಆಮೇಲೂ ಆಗಲಿಲ್ಲ. ತೊಟ್ಟಿಲು ಮಾಡುವ ಮನೆಯ ತೊಟ್ಟಿಲೇ ಖಾಲಿ ಎಂದು ಓಣಿಯವರು ಆಡಿಕೊಳ್ಳಲು ಇದಕ್ಕಿಂತ ಸುಲಭದ ಮಾತು ಸಿಗುತ್ತಿರಲಿಲ್ಲ, ಆಡಿಕೊಂಡರು. ಮಗುವಿಗೆ ಹೆಸರಿಡುವ ಕಾರ್ಯಕ್ಕೆ ನನ್ನನ್ನು ಕರೆಯುತ್ತಿದ್ದರು, ಆದರೆ ಮುಂದಕ್ಕೆ ಕರೆಯುತ್ತಿರಲಿಲ್ಲ. ಐದು ಮಂದಿ ಮುತ್ತೈದೆಯರು ತೊಟ್ಟಿಲ ಸುತ್ತ ನಿಂತು, ಕೂಸು ಗಟ್ಟಿಯಾಗಲೆಂದು ಗುಂಡಕಲ್ಲನ್ನು ಆಚೆ ಈಚೆ ದಾಟಿಸಿ ಆಡಿಸುವಾಗ ನಾನು ಹಿಂದೆ ಗೋಡೆಗೆ ಒರಗಿ ಹಾಡು ಹೇಳುತ್ತಿದ್ದೆ. ಗಂಟಲು ಚೆನ್ನಾಗಿತ್ತು. ಗಂಟಲಿಗೆ ಯಾರ ಅಡ್ಡಿಯೂ ಇರಲಿಲ್ಲ.

ಅಷ್ಟರಲ್ಲಿ ಮಾವನ ಬಲಗೈ ನಡುಗಲು ಶುರುವಾಯಿತು. ದೊಡ್ಡ ಕೆಲಸಕ್ಕೆ ತೊಂದರೆ ಇರಲಿಲ್ಲ. ಮುಖ ಬರೆಯುವಾಗ ಮಾತ್ರ ಕುಂಚ ಎಲ್ಲೆಲ್ಲೋ ಹೋಗುತ್ತಿತ್ತು. ಗಂಡನ ಕೈಗೆ ಕುಂಚ ಒಗ್ಗಲಿಲ್ಲ. ಒಂದು ಮಧ್ಯಾಹ್ನ ಮಾವ ಹಲಗೆಯನ್ನು ನನ್ನ ಮುಂದೆ ತಳ್ಳಿ, ಮುಖದ ಜಾಗ ಬಿಟ್ಟಿದ್ದೇನೆ, ತುಂಬು ಎಂದರು. ಬೆಣ್ಣೆಯ ಗಡಿಗೆಯ ಮುಂದೆ ಕೂತ ಕೃಷ್ಣ ಅದು. ನನಗೆ ಅವರ ಹಾಗೆ ಗುಂಡು ಮುಖ, ಎರಡು ಮೀನಿನಂಥ ಕಣ್ಣು ಬರೆಯಲು ಬರಲಿಲ್ಲ. ನನಗೆ ಗೊತ್ತಿದ್ದ ಮಗುವಿನ ಮುಖ ಒಂದೇ, ನನ್ನ ತಂಗಿಯದು. ಅವ್ವ ಹೊಲಕ್ಕೆ ಹೋದರೆ ಬೆಳಗಿನಿಂದ ಸಂಜೆಯವರೆಗೆ ಅವಳು ನನ್ನ ಸೊಂಟದ ಮೇಲೆಯೇ ಇರುತ್ತಿದ್ದಳು. ಬಲು ಹಠಮಾರಿ. ಬೆಲ್ಲ ಕಡಿಮೆಯಾಯಿತೆಂದರೂ ಸಿಟ್ಟು, ಹೆಚ್ಚಾಯಿತೆಂದರೂ ಸಿಟ್ಟು. ಸಿಟ್ಟು ಬಂದರೆ ಅಳುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ತುಟಿ ಚಾಚಿ, ಓರೆಗಣ್ಣಿನಿಂದ ನನ್ನನ್ನು ನೋಡುತ್ತಿದ್ದಳು. ಆ ಮುಖವನ್ನು ಬರೆದೆ. ಮುಖಕ್ಕೆ ಹೊಂದಲೆಂದು ಮಾವ ಬರೆದ ಮೈಯನ್ನೂ ಅಳಿಸಿ, ಬೆನ್ನು ತಿರುಗಿಸಿ ಕೂರಿಸಿದೆ.

ಮಾವ ಹಲಗೆಯನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು. ಯಾರ ಮುಖ ಎಂದು ಕೇಳಿದರು. ನಮ್ಮ ತಂಗಿಯದು ಎಂದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ದೇವರ ಮುಖ ಅಲ್ಲವ್ವ ಇದು," ಎಂದರು. ಹಲಗೆಯನ್ನು ನನ್ನ ಕೈಗೆ ಕೊಡುತ್ತ, "ಇರಲಿ ಬಿಡು. ದೇವರೂ ಒಂದಿನ ಯಾರದಾರ ಮನ್ಯಾಗ ಇಂಥಾ ಹಠ ಮಾಡಿರಬೇಕು," ಎಂದರು.

ಆ ತೊಟ್ಟಿಲನ್ನು ದೇವಿಕೊಪ್ಪದ ಒಬ್ಬರು ಒಯ್ದರು. ನಮ್ಮ ಕಡೆ ತೊಟ್ಟಿಲು ಒಂದು ಮನೆಯಲ್ಲಿ ಕೂರುವುದಿಲ್ಲ. ಒಂದು ಕೂಸು ಆಡಿದ ತೊಟ್ಟಿಲು ಶುಭ ಎಂದು ಮುಂದಿನ ಮನೆಯವರು ಕೇಳಿ ಒಯ್ಯುತ್ತಾರೆ, ಅಲ್ಲಿಂದ ಇನ್ನೊಂದು ಮನೆ. ಒಂದು ಊರಿಗೆ ಒಂದು ಒಳ್ಳೆಯ ತೊಟ್ಟಿಲಿದ್ದರೆ ಒಂದು ತಲೆಮಾರು ಸಾಗಿಹೋಗುತ್ತದೆ. ಕೆಲಸ ಗಟ್ಟಿಯಾದಷ್ಟೂ ನಮ್ಮ ಹೊಟ್ಟೆ ತೆಳ್ಳಗೆ ಎಂದು ಮಾವ ತಮಾಷೆ ಮಾಡುತ್ತಿದ್ದರು. ಆದರೆ ಈ ತೊಟ್ಟಿಲ ವಿಷಯದಲ್ಲಿ ಬೇರೆಯೇ ಆಯಿತು. ಮನೆಯಿಂದ ಮನೆಗೆ ಹೋದಲ್ಲೆಲ್ಲ ಹೆಂಗಸರು ಆ ಕೃಷ್ಣನನ್ನು ನೋಡಿ ನಕ್ಕರಂತೆ. ಇವನು ನಮ್ಮ ಹಿರಿಯವನು, ಇವನು ನಮ್ಮ ತಮ್ಮ ಎಂದರಂತೆ. ಎರವಲು ತಂದವರೇ ತಮಗೊಂದು ಬೇಕೆಂದು ಬರತೊಡಗಿದರು.

ಆಗ ಮಾವ ನನ್ನನ್ನೂ ಗಂಡನನ್ನೂ ಒಳಗೆ ಕೂರಿಸಿಕೊಂಡು ಮಾತಾಡಿದರು. ಚೊಚ್ಚಲ ಬಾಣಂತಿಗೆ ತವರಿನವರು ಕೊಡುವ ತೊಟ್ಟಿಲು ಇದು. ಅದರ ಮೇಲೆ ಮಕ್ಕಳಿಲ್ಲದವಳ ಕೈ ಆಡಿದೆ ಎಂದು ಗೊತ್ತಾದರೆ ಯಾರೂ ಹೊಸ್ತಿಲು ಹತ್ತುವುದಿಲ್ಲ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. "ನನ್ನ ಕೈ ಅಂತ ಇರಲಿ. ಸುಳ್ಳು ನಂದು, ಪಾಪಾನೂ ನಂದು. ನೀ ಬರಿಯೂದು ಬಿಡಬ್ಯಾಡ," ಎಂದರು. ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಸಿಟ್ಟಿಗಿಂತ ಬರೆಯುವ ಆಸೆ ದೊಡ್ಡದಿತ್ತು. ಹಿಂದಿನ ಕೋಣೆಯಲ್ಲಿ ಕೂತು ಬರೆದೆ. ಗಿರಾಕಿ ಬಂದರೆ ಮಾವ ಕುಂಚ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು.

ಅವು ನನ್ನ ಬಾಳಿನ ಒಳ್ಳೆಯ ವರ್ಷಗಳು. ಕೋಣೆಯ ಕಿಟಕಿ ಓಣಿಗೆ ತೆರೆದಿತ್ತು, ಓಣಿಯ ಮಕ್ಕಳೆಲ್ಲ ನನ್ನ ಪಾಠಶಾಲೆ. ಯಾವ ಮಗು ಹೇಗೆ ಮುನಿಯುತ್ತದೆ ಎಂದು ಹೆತ್ತವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಮೂಗು ಅರಳಿಸುತ್ತದೆ, ಒಂದು ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತದೆ, ಇನ್ನೊಂದು ಅಂಗಿಯ ತುದಿ ಕಚ್ಚುತ್ತದೆ. ಶೇಂಗಾ ಕೊಡುತ್ತೇನೆಂದು ಕರೆದು, ಕೊಡದೆ ಕಾಡಿಸಿ, ಮುಖ ದಪ್ಪ ಮಾಡಿದ ಮೇಲೆ ಕಣ್ತುಂಬ ನೋಡಿ, ಆಮೇಲೆ ಎರಡು ಹಿಡಿ ಕೊಡುತ್ತಿದ್ದೆ. ಬಂಜೆಯ ಕಣ್ಣು ಬೀಳುತ್ತದೆಂದು ಕೆಲವು ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದರು. ಹೋಗಲಿ, ಅಷ್ಟರಲ್ಲಿ ನಾನು ನೋಡಿ ಮುಗಿಸಿರುತ್ತಿದ್ದೆ. ಹೀಗೆ ಒಂದು ಕೃಷ್ಣನ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಬೆನ್ನು ಒಂದೇ, ಹೊರಳಿದ ಕಣ್ಣು ಒಂದೇ, ಮುನಿಸು ಮಾತ್ರ ಪ್ರತಿಸಲ ಬೇರೆ ಮಗುವಿನದು.

ಹುಬ್ಬಳ್ಳಿಯ ಅಂಗಡಿಯ ಸಾಹುಕಾರ ಬಂದದ್ದು ಆಗಲೇ. ಮದುವೆ ಸಾಮಾನು, ಪೆಟ್ಟಿಗೆ, ಮಂಚ ಮಾರುವ ಅಂಗಡಿ ಅವನದು. ತಿಂಗಳಿಗಿಷ್ಟು ಎಂದು ತೊಟ್ಟಿಲು ಒಯ್ಯುತ್ತೇನೆ, ಎಲ್ಲದರ ಮೇಲೂ ಇದೇ ಕೃಷ್ಣ ಇರಬೇಕು ಎಂದ. ಜೊತೆಗೆ ಒಂದೆರಡು ಬದಲಾವಣೆ ಹೇಳಿದ. ಪೇಟೆಯವರಿಗೆ ದೇವರು ಬೆನ್ನು ತೋರಿಸುವುದು ಸೇರುವುದಿಲ್ಲ, ಮುಂದಕ್ಕೆ ತಿರುಗಿಸಿ. ಆ ಕಣ್ಣು ಕಳ್ಳನ ಕಣ್ಣಿನ ಹಾಗಿದೆ, ನೆಟ್ಟಗೆ ಮಾಡಿ. ಮುಖ ಪ್ರತಿಸಲ ಬೇರೆ ಬೇಡ, ಅಂಗಡಿಯಲ್ಲಿ ತೋರಿಸಿದ್ದೊಂದು ಮನೆಗೆ ಬಂದದ್ದೊಂದು ಎಂದು ಗಿರಾಕಿ ಜಗಳ ತೆಗೆಯುತ್ತಾನೆ. ಒಳಗೆ ಕೂತು ಕೇಳುತ್ತಿದ್ದ ನನಗೆ ಮೈ ಉರಿಯಿತು. ಬಾಗಿಲ ಸಂದಿಯಿಂದ ಮಾವನಿಗೆ ತಲೆಯಾಡಿಸಿ ಬೇಡವೆಂದೆ. ಅವರು ಬೀಡಿ ಹಚ್ಚಿ, ನನ್ನ ಕೈಗೆ ಹಾಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಗಂಡ ಎರಡು ದಿನ ಮಾತು ಬಿಟ್ಟರು. ಅವರ ತಪ್ಪಿಲ್ಲ, ಮನೆ ನಡೆಸುವವರು ಅವರು.

ಅದರ ಮರುವರ್ಷ ತಂಗಿ ಚೊಚ್ಚಲ ಬಸುರಿಯಾದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮೊದಲು ಅವ್ವ ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ನಮ್ಮಲ್ಲಿಗೆ ಬಂದಳು. ಕೂಸು ಹುಟ್ಟುವ ಮೊದಲು ತೊಟ್ಟಿಲು ಮನೆಗೆ ತರಬಾರದು. ಹೇಳಿ ಹೋಗುವುದು, ಹುಟ್ಟಿದ ಮೇಲೆ ಒಯ್ಯುವುದು. ತಂಗಿ ಪಡಸಾಲೆಯಲ್ಲಿದ್ದ ತೊಟ್ಟಿಲ ಮುಂದೆ ಕೂತವಳು ಏಳಲೇ ಇಲ್ಲ. ಕೃಷ್ಣನ ತುಟಿಯ ಮೇಲೆ ಬೆರಳಾಡಿಸುತ್ತ, "ನನಗ ಇಂಥಾದ್ದ ಬೇಕು. ಇಂಥಾದ್ದ ಇಲ್ಲಂದ್ರ ನನಗ ತೊಟ್ಟಿಲನ ಬ್ಯಾಡ," ಎಂದಳು. ಮದುವೆಯಾದರೂ ಹಠ ಹೋಗಿಲ್ಲ ಎಂದು ಎಲ್ಲರೂ ನಕ್ಕರು.

ಅವ್ವ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳಿಗೆ ನಾನು ಬರೆಯುವುದು ಗೊತ್ತಿರಲಿಲ್ಲ, ಬಣ್ಣ ಅರೆಯುವುದು ಮಾತ್ರ ಗೊತ್ತಿತ್ತು.

"ಬ್ಯಾಸರ ಮಾಡ್ಕೋಬ್ಯಾಡವ್ವ," ಎಂದಳು. "ತಂಗಿ ತೊಟ್ಟಿಲದ ಬಣ್ಣಾನೂ ನೀ ಮುಟ್ಟಬ್ಯಾಡ. ಮಾವಾರ ಕೈಲೆನ ಎಲ್ಲಾ ಮಾಡಸು. ಚೊಚ್ಚಲ ಐತಿ, ಅದಕ್ಕ."

ಹೇಳಿ ನನ್ನ ತಲೆ ಸವರಿದಳು. ಅದೇ ಹೆಚ್ಚು ನೋಯಿಸಿತು. ಓಣಿಯವರು ಅಂದಿದ್ದರೆ ಒಂದಕ್ಕೆ ಎರಡು ಹೇಳಿ ಕಳಿಸುತ್ತಿದ್ದೆ. ಅಂದವಳು ಅವ್ವ. ಆಗಲಿ ಎಂದೆ. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಅವರು ಹೋದ ಮೇಲೆ ಮಾವನಿಗೆ ಹೇಳಿದೆ. ಅವರು ಕೈಬೀಸಿದರು. ನೀನೇ ಬರೆ, ನಿಮ್ಮವ್ವನಿಗೆ ಹೇಳುವವರು ಯಾರು ಎಂದರು. ನನಗೂ ಅದೇ ಸರಿ ಎನಿಸಿತು. ಎಷ್ಟೋ ತೊಟ್ಟಿಲು ಹೀಗೆಯೇ ಹೋಗಿವೆ, ಇದೂ ಹೋಗಲಿ. ಅತ್ಯಂತ ಒಳ್ಳೆಯದನ್ನು ತಂಗಿಗೆ ಬರೆಯಬೇಕೆಂದು ಹಲಗೆಗೆ ಯಾವತ್ತಿಗಿಂತ ಹೆಚ್ಚು ಲೇಪ ಕೊಟ್ಟು, ದಿನಗಟ್ಟಲೆ ಉಜ್ಜಿದೆ. ಕುಂಚ ಅದ್ದಿ ಹಲಗೆಯ ಮುಂದೆ ಕೂತೆ.

ಕೈ ಏಳಲಿಲ್ಲ.

ಏನಾದರೂ ಆದರೆ ಎಂದು ಒಂದು ಮಾತು ತಲೆಯೊಳಗೆ ಬಂತು, ಬಂದದ್ದು ಹೋಗಲಿಲ್ಲ. ನನ್ನ ಕೈ ಆಡಿದ ಹಲಗೆಯ ಹಿಂದೆ ನನ್ನ ತಂಗಿಯ ಕೂಸು ಮಲಗುತ್ತದೆ, ಏನಾದರೂ ಆದರೆ. ಅವತ್ತು ನನಗೊಂದು ವಿಷಯ ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು. ಓಣಿಯವರು ನಂಬಿದ್ದನ್ನು ನಾನೂ ನಂಬಿದ್ದೆ. ಬಾಯಿಗೆ ಬಂದ ಹಾಗೆ ಎದುರುತ್ತರ ಕೊಡುತ್ತಿದ್ದ ನಾನು, ಒಳಗೊಳಗೆ ಅವರ ಮಾತನ್ನೇ ನುಂಗಿ ಇಟ್ಟುಕೊಂಡಿದ್ದೆ. ಹಾಗಾದರೆ ಇಷ್ಟು ದಿನ ಪರರ ಕೂಸುಗಳಿಗೆ ಹೇಗೆ ಬರೆದೆ? ಅವುಗಳ ವಿಷಯದಲ್ಲಿ ಈ ಭಯ ಯಾಕೆ ಬರಲಿಲ್ಲ? ಈ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕುಂಚ ತೊಳೆದು ಮಾವನ ಮುಂದೆ ಇಟ್ಟೆ. ಅವರು ನನ್ನ ಮುಖ ನೋಡಿದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ತಾವೇ ಬರೆದರು. ಹಳೆಯ ಅಭ್ಯಾಸದ ಗುಂಡು ಮುಖದ ಕೃಷ್ಣ. ನಾನು ಬರೆಯುತ್ತಿದ್ದುದನ್ನು ನೆನೆದು ತುಟಿ ಚಾಚಿಸಲು ಹೋಗಿದ್ದರು, ಗೆರೆ ನಡುಗಿ ತುಟಿ ವಕ್ರವಾಗಿತ್ತು. ಅವರು ಬರೆದ ಕೊನೆಯ ಮುಖ ಅದು.

ತಂಗಿಗೆ ಗಂಡು ಕೂಸಾಯಿತು, ಗುಂಡಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೆಸರಿಡುವ ದಿನ ತವರಿನಲ್ಲಿ ತೊಟ್ಟಿಲು ಕಟ್ಟಿದಾಗ ಅವಳು ಹಲಗೆಯನ್ನು ನೋಡಿದಳು, ಹಿಂದೆ ನಿಂತ ನನ್ನನ್ನು ನೋಡಿದಳು. ಆಮೇಲೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಬಾಣಂತಿಯ ದಣಿವು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಕಲಘಟಗಿಗೆ ಮರಳಿದ ಮೇಲೆ ನನಗೆ ಮಕ್ಕಳನ್ನು ನೋಡುವ ಮನಸ್ಸು ಬರಲಿಲ್ಲ. ಕಿಟಕಿಯ ಬಳಿ ಕೂತರೆ ಆ ತಾಯಂದಿರು ಹೇಳಿದ್ದೇ ಖರೆ ಇರಬೇಕು ಎನಿಸುತ್ತಿತ್ತು. ಕಿಟಕಿ ಮುಚ್ಚಿದೆ. ಹುಬ್ಬಳ್ಳಿಯ ಸಾಹುಕಾರ ಮತ್ತೆ ಬಂದಾಗ ಮಾವ ಒಳಕ್ಕೆ ನೋಡಿದರು, ನಾನು ಸುಮ್ಮನಿದ್ದೆ. ಕೃಷ್ಣ ಮುಂದಕ್ಕೆ ತಿರುಗಿದ. ಆಮೇಲೆ ಕಣ್ಣು ನೆಟ್ಟಗಾಯಿತು, ಕೆನ್ನೆ ಕೆಂಪಾಯಿತು, ನವಿಲುಗರಿ ದೊಡ್ಡದಾಯಿತು. ತುಟಿ ಮಾತ್ರ ಚಾಚಿಕೊಂಡೇ ಇತ್ತು, ಯಾಕೆ ಚಾಚಿಕೊಂಡಿದ್ದಾನೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ. ಮುಖಕ್ಕೆ ಒಂದು ಕಾಗದದ ಅಚ್ಚು ಕತ್ತರಿಸಿ ಇಟ್ಟುಕೊಂಡೆ. ಅರಗಿನ ಬಣ್ಣ ಬಿಟ್ಟು ಡಬ್ಬಿಯ ಬಣ್ಣ ಹಿಡಿದೆವು. ತೊಟ್ಟಿಲುಗಳು ಸಂತೆಯ ಬದನೆಕಾಯಿಯ ಹಾಗೆ ಖರ್ಚಾದವು. ಮನೆಗೆ ಹಂಚು ಬಂತು, ಸೈಕಲ್ ಬಂತು, ಗಂಡ ನಗುನಗುತ್ತ ಮಾತಾಡುವಂತಾದರು. ಆ ಸುಖ ನನಗೆ ಬೇಡವಾಗಿತ್ತೆಂದು ಹೇಳಿದರೆ ಯಾರೂ ನಂಬಬೇಡಿ. ಬೇಕಾಗಿತ್ತು. ಹೊಸ ಹಂಚಿನ ಕೆಳಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಮಾವ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ನಾನು ಬರೆಯುತ್ತಿದ್ದುದನ್ನು ನೋಡುತ್ತ ಮಲಗಿರುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ದಶಕ ಮುಗಿಯುವ ಹೊತ್ತಿಗೆ ತಂಗಿ ಎರಡನೆಯ ಸಲ ಬಸುರಿ. ಒಬ್ಬಳೇ ಬಂದಳು, ಬಗಲಲ್ಲಿ ಸೀರೆಯ ಗಂಟು. ಬಿಚ್ಚಿದರೆ ಅವಳ ತೊಟ್ಟಿಲ ತಲೆಕಡೆಯ ಹಲಗೆ. ಮಾವ ಬರೆದ ಆ ವಕ್ರ ತುಟಿಯ ಕೃಷ್ಣ ಅಲ್ಲಿದ್ದ.

"ಇದನ್ನ ಕೆರದು ನೀ ಬರಿ, ಅಕ್ಕಾ," ಎಂದಳು.

ನಾನು ಬಾಯಿ ತೆರೆಯುವ ಮೊದಲೇ, "ಸುಳ್ಳ ಹೇಳಬ್ಯಾಡ. ಆ ಕೃಷ್ಣ ನಾನ ಅದೀನಿ. ನನ್ನ ಮುಖ ನನಗ ಗುರುತ ಸಿಗೂದಿಲ್ಲೇನು? ಹಂಗ ಕುಂತಾಗ ನನ್ನ ನೋಡಾಕಿ ನೀ ಒಬ್ಬಾಕೀನ ಇದ್ದಿ. ಹಿಂದಿನ ಸಲಾನೂ ನಿನ್ನ ಕೈಲೆನ ಬೇಕಂತ ಹಠ ಹಿಡದಿದ್ನಿ. ಅವ್ವನ ಮುಂದ ಬಾಯಿ ಬಿಡಲಿಲ್ಲ, ಅಷ್ಟ," ಎಂದಳು.

ಮೊದಲ ಸಲವೇ ಎಲ್ಲ ತಿಳಿದು ಕೇಳಿದ್ದಳು. ನನ್ನ ಕೈ ಎಂದು ಗೊತ್ತಿದ್ದೂ, ಚೊಚ್ಚಲ ಎಂದು ಗೊತ್ತಿದ್ದೂ ನನ್ನದೇ ಬೇಕೆಂದಿದ್ದಳು. ಇಡೀ ಸೀಮೆಯಲ್ಲಿ ನನ್ನ ಕೈಗೆ ಹೆದರದವಳು ಒಬ್ಬಳಿದ್ದಳು, ಅವಳಿಗೇ ನಾನು ಬರೆಯದೆ ಬಿಟ್ಟಿದ್ದೆ. ಅವಳ ಮುಂದೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಬರೆಯುತ್ತೇನೆಂದೆ.

ಮರುದಿನ ಮಾವನ ಕೃಷ್ಣನನ್ನು ಕೆರೆದು ತೆಗೆದೆ. ನಡುಗಿದ ಗೆರೆ ಹತ್ತಿರದಿಂದ ನೋಡಿದರೆ ಈಗಷ್ಟೇ ಅತ್ತು ನಿಲ್ಲಿಸಿದ ಮಗುವಿನ ತುಟಿಯ ಹಾಗಿತ್ತು. ಆದರೂ ಕೆರೆದೆ, ಇದಕ್ಕಿಂತ ಒಳ್ಳೆಯದನ್ನು ಬರೆಯುತ್ತೇನೆಂಬ ಧೈರ್ಯದಲ್ಲಿ. ಅಚ್ಚನ್ನು ಒಲೆಗೆ ಹಾಕಿದೆ. ಅರಗಿನ ಬಣ್ಣ ಹುಡುಕಿ ತೆಗೆದೆ. ಬೆನ್ನು ತಿರುಗಿಸಿ ಕೂರಿಸಿದೆ, ಅದು ಬಂತು. ಮುಖಕ್ಕೆ ಬಂದಾಗ ಕೈ ತಾನಾಗಿಯೇ ಹೋಯಿತು, ಕೆಂಪು ಕೆನ್ನೆ, ನೆಟ್ಟಗಿನ ಕಣ್ಣು, ಅಂಗಡಿಯ ತುಟಿ. ಒರೆಸಿದೆ. ಮತ್ತೆ ಬರೆದೆ. ಮತ್ತೆ ಅದೇ. ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಚಿಕ್ಕವಳಿದ್ದಾಗ ಹೇಗೆ ಕೂರುತ್ತಿದ್ದೆ ತೋರಿಸು ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂತಳು, ನಗು ತಡೆದುಕೊಂಡು ತುಟಿ ಚಾಚಿದಳು. ನೋಡಿದೆ. ನೋಡುತ್ತ ನೋಡುತ್ತಲೇ ಕೈ ಅಂಗಡಿಯ ಕೃಷ್ಣನನ್ನು ಬರೆದು ಮುಗಿಸಿತ್ತು. ಕಣ್ಣಿಗೂ ಕೈಗೂ ನಡುವೆ ಇದ್ದದ್ದೇನೋ ಹೋಗಿಬಿಟ್ಟಿತ್ತು. ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು, ನಮ್ಮ ತಲೆಯ ಮೇಲಿನ ಹಂಚಾಗಿ ಹೋಗಿತ್ತು.

ಅವಳು ಊರಿಗೆ ಹೊರಡುವ ದಿನ ಬಂತು. ಬಣ್ಣ ಒಣಗಿದ ಹಲಗೆಯನ್ನು ಅವಳ ಕೈಗೆ ಕೊಟ್ಟು ಅವಳ ಮುಖವನ್ನೇ ನೋಡುತ್ತ ನಿಂತೆ. ತುಟಿ ಚಾಚುತ್ತಾಳೆ, ಬೇಡ ಎನ್ನುತ್ತಾಳೆ, ಗೋಡೆಗೆ ಮುಖ ಮಾಡಿ ಕೂತು ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಮತ್ತೊಮ್ಮೆ ಒರೆಸಿ ಕೂರುತ್ತಿದ್ದೆನೇನೋ.

ಅವಳು ಹಲಗೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. "ಚಂದ ಆಗೇತಿ ಅಕ್ಕಾ," ಎಂದಳು. ಸೀರೆಯಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡು, ಪರವೂರಿನ ಗಿರಾಕಿ ಹೋಗುವಾಗ ಹೇಳುವಂತೆ, ಬರುತ್ತೇನೆಂದು ಹೇಳಿ ಹೋದಳು.